ಮಗ್ಗಲ ಮನೆಯ ಕೆಂಡ

ನಾನೊಂದು ಊರನ್ನು ಸ್ಥಾಪಿಸಿದ್ದೇನೆ. ನಗಬೇಡಿ. ನಮ್ಮ ಸೀಮೆಯಲ್ಲಿ ಹೊಲ ಉಳುವಾಗ ಸಿಗುವ ಶಾಸನಗಳಲ್ಲಿ ಕೆರೆ ಕಟ್ಟಿಸಿದವರು, ಊರು ದಾನ ಕೊಟ್ಟವರು ತಮ್ಮ ಬಿರುದುಗಳನ್ನೆಲ್ಲ ಕೆತ್ತಿಸಿಕೊಂಡು, ಅಳಿಸಿದವರ ಕೊರಳಿಗೆ ಗೋಹತ್ಯೆಯ ಪಾಪವನ್ನೂ ಕಟ್ಟಿ ಹೋಗಿದ್ದಾರೆ. ನನಗೆ ಬಿರುದಿಲ್ಲ, ಶಾಪ ಹಾಕುವಷ್ಟು ಪುರಸೊತ್ತೂ ಇಲ್ಲ. ಇದ್ದದ್ದು ಒಂದು ಒಲೆ.

ಎಪ್ಪತ್ತರ ದಶಕದ ಮಾತು. ಅಫಜಲಪುರ ತಾಲೂಕಿನ ಹಳ್ಳಿಯೊಂದಕ್ಕೆ ಪದೇ ಪದೇ ಭೀಮಾ ಹೊಳೆ ನುಗ್ಗುತ್ತಿತ್ತೆಂದು ಸರಕಾರ ದಿಬ್ಬದ ಮೇಲೆ ಹೊಸ ಮನೆಗಳನ್ನು ಕಟ್ಟಿಸಿತು. ನೋಡಲು ಎಲ್ಲರೂ ಬಂದರು, ಇರಲು ಯಾರೂ ಬರಲಿಲ್ಲ. "ಅವ್ರು ಹೋದ್ರ ನಾವೂ ಹೋಗ್ತೇವ್ರಿ" ಎಂದು ಇವರು, "ಮೊದಲ ಇವ್ರು ಹೋಗ್ಲಿ ತಡೀರಿ" ಎಂದು ಅವರು. ಶಾಲೆ ಮಾತ್ರ ಮೇಲಕ್ಕೆ ಹೋಯಿತು. ಶಾಲೆಯ ಹಿಂದೆ ಮಾಸ್ತರು, ಅಂದರೆ ನಮ್ಮ ಯಜಮಾನರು. ಅವರ ಹಿಂದೆ, ಖಜೂರಿ ಎಂಬ ಊರಿನ ತುಂಬಿದ ತವರುಮನೆಯಿಂದ ಆಗಷ್ಟೇ ಬಂದಿದ್ದ ನಾನು.

ಸಂಜೆ ಮಕ್ಕಳು ದಿಬ್ಬ ಇಳಿದು ಹೋದರೆ ಉಳಿಯುವುದು ಬೀಗ ಹಾಕಿದ ಮನೆಗಳ ಸಾಲು, ನಾವಿಬ್ಬರು. ಯಜಮಾನರಿಗೆ ಗೋಡೆಯ ಜೊತೆ ಮಾತಾಡಿ ಅಭ್ಯಾಸವಿತ್ತು, ಅದು ಮಾಸ್ತರಿಕೆಯ ಗುಣ. ನನಗೆ ಗೋಡೆ ತಿರುಗಿ ಮಾತಾಡಬೇಕು. ಹೇಗೋ ಒಂದು ವಾರ ತಡೆದು, "ನೀವ್ ಇರ್ರಿ, ನಾ ತವರಿಗಿ ಹೋಗ್ತೇನಿ" ಎಂದು ಟ್ರಂಕಿಗೆ ಹಗ್ಗ ಬಿಗಿದೆ. ತಿರುಗಿ ಬರುವ ಮಾತನ್ನು ನಾನು ಆಡಲಿಲ್ಲ, ಕೇಳಲು ಅವರಿಗೆ ಧೈರ್ಯವಾಗಲಿಲ್ಲ.

ಬೆಳಿಗ್ಗೆ ಬಸ್ಸಿಗೆ ಮೊದಲು ಅವರಿಗೆಂದು ನಾಲ್ಕು ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಲ್ಲಿ ಕೆಳಗಿನ ಊರಿನ ಮುದುಕಿ ಗುರುಬಸವ್ವ, ಕೈಯಲ್ಲಿ ಒಡೆದ ಹಂಚಿನ ಚೂರು.

"ಮಗ್ಗಲ ಮನಿಗಿ ಇರ್ಲಾಕ ಬಂದೇನ್ರಿ ಅಕ್ಕೋರ. ಒಲಿ ಹಚ್ಚಬೇಕು, ಒಂದೀಟು ಕೆಂಡ ಕೊಡ್ರಿ."

ಕೆಂಡ ತೆಗೆದುಕೊಳ್ಳಲು ಬಗ್ಗಿದಾಗ ಅವಳ ಎಲೆಅಡಿಕೆ ಚೀಲದಿಂದ ಕಡ್ಡಿಪೆಟ್ಟಿಗೆ ಜಾರಿ ಬಿತ್ತು. ನನಗೆ ನಗು ಬಂತು. ಆ ವಾರದ ಮೊದಲ ನಗು.

"ಕಡ್ಡಿಪೆಟಗಿ ಅದ ಅಲ್ಲಾ ಆಯಿ?"

"ಅದು ದೀಪಕ್ಕರಿ. ಒಲಿಗಿ ಮಗ್ಗಲ ಮನಿ ಬೆಂಕಿನೇ ಆಗಬೇಕು. ಇಲ್ಲಂದ್ರ ಮಗ್ಗಲ್ಯಾಗ ಮಂದಿ ಅದಾರಂತ ಹ್ಯಾಂಗ ಗೊತ್ತಾಗಬೇಕ್ರಿ?"

ಆ ಬಸ್ಸು ನನ್ನನ್ನು ಬಿಟ್ಟೇ ಹೋಯಿತು. ಗುರುಬಸವ್ವನ ಒಲೆಯ ಕೆಂಡ ಅವಳ ಮೈದುನನ ಮನೆಗೆ ಹೋಯಿತು, ಅಲ್ಲಿಂದ ಅವನ ಬೀಗರ ಮನೆಗೆ. ದೀಪಾವಳಿಯ ಹೊತ್ತಿಗೆ ದಿಬ್ಬದ ಮೇಲೆ ಜಗಳವಾಡಲೂ ಸಾಕಷ್ಟು ಜನರಿದ್ದರು.

ವರ್ಗವಾಗಿ ಎಲ್ಲೆಲ್ಲೋ ತಿರುಗಿ, ತೊಂಬತ್ತರ ದಶಕದಲ್ಲಿ ಮತ್ತೆ ಹೋದೆ. ಊರ ಮುಂದೆ ಉದ್ಘಾಟನೆಯ ಕಲ್ಲು ನಿಂತಿದೆ. ಮೇಲೆ ಮಂತ್ರಿಗಳ ಹೆಸರು, ಕೆಳಗೆ ಗುತ್ತಿಗೆದಾರರದು. ನನ್ನ ಹೆಸರನ್ನೂ ಹುಡುಕಿದೆ, ಸುಳ್ಳೇಕೆ ಹೇಳಲಿ. ಗುರುಬಸವ್ವ ತೀರಿಕೊಂಡಿದ್ದಳು. ಅವಳ ಸೊಸೆ ಚಹಾ ಕೊಟ್ಟು, "ಊರ ಹೂಡಿದ ಅಕ್ಕೋರು ಇವ್ರೇ ನೋಡ್ರಿ" ಎಂದು ಮನೆಮಂದಿಗೆಲ್ಲ ತೋರಿಸಿ ಕೈ ಮುಗಿದಳು. ಹಗ್ಗ ಬಿಗಿದ ಟ್ರಂಕು ಕೆಂಡ ಕೊಟ್ಟ ಆ ಬೆಳಿಗ್ಗೆ ಬಾಗಿಲ ಹಿಂದೆಯೇ ಇತ್ತು, ಮುದುಕಿ ಅದನ್ನು ನೋಡಿಯೂ ಇದ್ದಳೇನೋ.

ಯಾರಾದರೂ ನನಗೆ ಒಂದು ಕಲ್ಲು ನಿಲ್ಲಿಸುವ ಅಧಿಕಾರ ಕೊಟ್ಟರೆ, ಬಿರುದು ಶಾಪ ಯಾವುದೂ ಇಲ್ಲದೆ ಇಷ್ಟೇ ಕೆತ್ತಿಸುತ್ತೇನೆ: ಗುರುಬಸವ್ವನ ಹತ್ತಿರ ಕಡ್ಡಿಪೆಟ್ಟಿಗೆ ಇತ್ತು, ಆದರೂ ಬಂದು ಕೆಂಡ ಕೇಳಿದಳು.