ಜಡಿ ಕತ್ತರಿಸಿದ ರವಿವಾರ

ಸೈತಾನನ ಮೇಲೆ ಯುದ್ಧ ಎಂಬ ಮಾತನ್ನು ಯಾರಾದರೂ ನನ್ನೆದುರು ಎತ್ತಿದರೆ ಈ ವಯಸ್ಸಿನಲ್ಲೂ ನನಗೆ ಮೈಯುರಿ ಬರುತ್ತದೆ. ಪೀಠದ ಹಿಂದೆ ನಿಂತು ಖಡ್ಗ, ಗುರಾಣಿ, ಶಿರಸ್ತ್ರಾಣ ಎಂದು ಮುಷ್ಟಿ ಎತ್ತಿ ಕೂಗುವವರನ್ನು ಬಹಳ ಮಂದಿ ನೋಡಿದ್ದೇನೆ. ಯುದ್ಧ ಬಾಗಿಲಿಗೆ ಬಂದ ದಿನ ಅವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ನಮ್ಮ ಮನೆಗೆ ಅದು ಬಂದದ್ದು ನನ್ನ ಮಗಳ ಎಡಗಿವಿಯ ಹಿಂದಿನ ಕೂದಲಲ್ಲಿ.

ನನ್ನ ತವರು ಹುಕ್ಕೇರಿ. ಅಜ್ಜನ ಕಾಲದಿಂದ ನಾವು ಕ್ರೈಸ್ತರು. ಮಿಶನ್ ಶಾಲೆಯಲ್ಲಿ ಕಲಿಸುತ್ತಿದ್ದ ಬಾಯಿಯವರ ಹತ್ತಿರ ಹೊಲಿಗೆ ಕಲಿತೆ, ಮದುವೆಯಾದಾಗ ನನ್ನ ಅವ್ವ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಕೊಟ್ಟು ಕಳಿಸಿದಳು. ಗಂಡನ ಮನೆ ಮೂಡಲಗಿ ಕಡೆಯ ಒಂದು ಹಳ್ಳಿ. ಅಲ್ಲಿ ನಮ್ಮ ಕೇರಿಯ ಏಳೆಂಟು ಮನೆಯವರು ಮಾತ್ರ ದೀಕ್ಷಾಸ್ನಾನ ತೆಗೆದುಕೊಂಡಿದ್ದರು. ಗಂಡ ಗೋಕಾಕದಲ್ಲಿ ನೂಲಿನ ಗಿರಣಿಯ ಕೆಲಸಕ್ಕಿದ್ದ, ಸೂಟಿ ಸಿಕ್ಕಾಗ ಊರಿಗೆ ಬರುತ್ತಿದ್ದ. ಮನೆಯಲ್ಲಿ ನಾನು, ಅತ್ತೆ, ಆರು ವರ್ಷದ ಮಗಳು, ಇನ್ನೂ ನೆಲದ ಮೇಲೆ ಹರಿದಾಡುತ್ತಿದ್ದ ಮಗ. ಕೇರಿಯ ಹೆಂಗಸರ ಕುಬಸ ಹೊಲಿದುಕೊಂಡು ನನ್ನ ಪಾಡಿಗೆ ನಾನಿದ್ದೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಕಳೆದಿತ್ತು, ನಮ್ಮ ಕೇರಿಗೆ ಅದರ ಸುದ್ದಿ ಮಾತ್ರ ಮುಟ್ಟಿತ್ತು.

ಆ ವರ್ಷ ದೀಪಾವಳಿಯ ಹೊತ್ತಿಗೆ ಮಗಳು ವಿಷಮಜ್ವರದಲ್ಲಿ ಮಲಗಿದಳು. ಬದುಕಿದ್ದೇ ಹೆಚ್ಚು. ಅಷ್ಟು ದಿನ ತಲೆಗೆ ಎಣ್ಣೆಯಿಲ್ಲ, ನೀರಿಲ್ಲ, ಬಾಚಣಿಗೆಯಿಲ್ಲ. ಬೆವರಿಗೆ, ದಿಂಬಿನ ತಿಕ್ಕಾಟಕ್ಕೆ ಕಿವಿಯ ಹಿಂದಿನ ಕೂದಲು ಗಂಟುಗಟ್ಟಿ ಹಗ್ಗದ ಹಾಗೆ ಬಿಗಿದುಕೊಂಡಿತ್ತು. ಅವಳು ಎದ್ದು ಕೂತ ದಿನ ಅತ್ತೆ ಬಾಚಲು ಹೋದವರು ಆ ಗಂಟನ್ನು ಮುಟ್ಟಿ ನೋಡಿದರು. ಬಾಚಣಿಗೆಯನ್ನು ಕೆಳಗಿಟ್ಟರು. ಆಮೇಲೆ ನನ್ನ ಮಗಳ ಪಾದಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದರು.

"ಜಡಿ ಬಂದೈತಿ," ಅಂದರು. "ಗುಡ್ಡದ ತಾಯಿ ಕರದಾಳ."

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಹೆಣ್ಣುಮಗುವಿನ ತಲೆಯಲ್ಲಿ ಕೂದಲು ಜಡ್ಡುಗಟ್ಟಿದರೆ ಅದು ಸವದತ್ತಿ ಗುಡ್ಡದ ಎಲ್ಲಮ್ಮನ ಕರೆ ಎಂದು ತಿಳಿಯುತ್ತಿದ್ದರು. ಆ ಜಡಿಯನ್ನು ಬಾಚಬಾರದು, ಕತ್ತರಿಸಬಾರದು, ಭಂಡಾರವೆನ್ನುವ ಅರಿಸಿನಪುಡಿ ಹಚ್ಚಿ ಬೆಳೆಸಬೇಕು. ಹುಣ್ಣಿಮೆಗೆ ಗುಡ್ಡಕ್ಕೆ ಒಯ್ದು ಕೊರಳಿಗೆ ಮುತ್ತು ಕಟ್ಟಿಸಬೇಕು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ. ದೊಡ್ಡವಳಾದ ಮೇಲೆ ಅವಳ ಗತಿ ಏನೆಂಬುದು ಊರಿಗೆಲ್ಲ ಗೊತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳುವವರು ಮಾತ್ರ ಯಾರೂ ಇರಲಿಲ್ಲ. ಇದು ಕೂಡದೆಂದು ಸರಕಾರ ಕಾಯ್ದೆ ಮಾಡಿ ಎಷ್ಟೋ ವರ್ಷವಾಗಿತ್ತಂತೆ. ಕಾಯ್ದೆ ನಮ್ಮ ಕೇರಿಯ ದಾರಿ ಹಿಡಿದಿರಲಿಲ್ಲ.

ಸುದ್ದಿ ಹಬ್ಬಲು ಒಂದು ಹಗಲು ಸಾಕಾಯಿತು. ಹೆಂಗಸರು ಬಂದು ನನ್ನ ಮಗಳ ಕಾಲು ಮುಟ್ಟಿ ಹೋದರು, ಮನೆಗೆ ಹೋಗಿ ತಮ್ಮ ಹೆಣ್ಣುಮಕ್ಕಳಿಗೆ ಇವಳ ಜೊತೆ ಆಡಬೇಡಿರೆಂದು ಹೇಳಿದರು. ಹುಡುಗಿಗೆ ಏನೂ ತಿಳಿಯದು. "ಯವ್ವಾ, ಎಲ್ಲಾರೂ ನನ್ನ ಕಾಲಿಗೆ ಯಾಕ ಬೀಳತಾರ?" ಎಂದು ಕೇಳಿದಳು. ಊರ ಮುಂದಿನ ದೊಡ್ಡ ಮನೆಯವರು ಒಂದು ಹಸಿರು ಸೀರೆ ಕೊಟ್ಟು ಆಳನ್ನು ಕಳಿಸಿದರು, ಅಮ್ಮನ ಹುಡುಗಿಗೆ ಅಂತ. ಆರು ವರ್ಷದ ಮಗುವಿಗೆ ಸೀರೆ! ಆ ಮನೆಯಲ್ಲಿ ವಯಸ್ಸಿಗೆ ಬಂದ ಗಂಡುಮಕ್ಕಳಿದ್ದರು. ನಾನು ಸೀರೆಯನ್ನು ಆಳಿನ ಹೆಗಲ ಮೇಲೆ ಒಗೆದು ಬಾಗಿಲು ಹಾಕಿಕೊಂಡೆ. ಅತ್ತೆ ಹಿಂದಿನ ಬಾಗಿಲಿನಿಂದ ಓಡಿ ಹೋಗಿ ಅದನ್ನು ಇಸಿದುಕೊಂಡು ಬಂದರು.

ಈ ಅತ್ತೆ ಯಾರು ಅಂದುಕೊಂಡಿರಿ? ಗುಡಾರದಷ್ಟು ಸಣ್ಣ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೀರ್ತನೆ ಹಾಡುತ್ತಿದ್ದವರು. ಗೋಡೆಯ ಗೂಡಿನಲ್ಲಿ ಸತ್ಯವೇದ ಇಟ್ಟು, ಅದರ ಬಾಜೂಕ ಭಂಡಾರದ ಪೊಟ್ಟಣ ಇಟ್ಟಿದ್ದರು. ಯಾಕೆಂದು ಕೇಳಿದರೆ, "ಇರಲಿ ಬಿಡು, ಯಾರಿಗೂ ಬ್ಯಾಸರಾಗಬಾರದು" ಅನ್ನುತ್ತಿದ್ದರು. ದೇವರುಗಳನ್ನೂ ಬೀಗರ ಹಾಗೆ ಸಂಭಾಳಿಸಬೇಕೆಂಬುದು ಅವರ ಲೆಕ್ಕ.

"ನಿಮ್ಮಕ್ಕನ ಗತಿ ಏನಾತು, ಮರತ್ರೇನ?" ಎಂದು ಒಂದು ದಿನ ನಾನು ಕೇಳಿಯೇಬಿಟ್ಟೆ. ಅವರ ಅಕ್ಕನಿಗೆ ಮುತ್ತು ಕಟ್ಟಿದ್ದರು, ಸಾಂಗ್ಲಿಯ ಯಾವುದೋ ಓಣಿಯಲ್ಲಿ ಸತ್ತಳೆಂದು ಸುದ್ದಿ ಬಂದಿತ್ತು.

"ಮರೀಲಿಕ್ಕೆ ಆಗತೈತೇನ?" ಅಂದರು. "ಅಕಿ ಜಡಿ ಮದಲ ನಮ್ಮಪ್ಪ ಕೊಯ್ಸಿದ್ದ. ಅದೇ ವರ್ಷ ನಮ್ಮ ಮನ್ಯಾಗಿಂದ ಎರಡು ಹೆಣ ಎದ್ದೂವು. ಆಮ್ಯಾಲ ಮತ್ತ ಜಡಿ ಬಂತು, ಅಕಿನ್ನ ಗುಡ್ಡಕ್ಕ ಬಿಟ್ಟ. ನಿನಗ ಒಬ್ಬ ಮಗ ಅದಾನ, ನೆನಪಿಟ್ಟುಕೋ."

ಅವರ ಕಣ್ಣಲ್ಲಿ ನೀರಿತ್ತು. ಅವರು ಕೆಟ್ಟವರಲ್ಲ, ಹೆದರಿದವರು. ಹೆದರಿದವರ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ. ನಾನು ಆದೆ. ಹೆದರಿದವರೆಲ್ಲ ಸೇರಿ ನನ್ನ ಮಗಳನ್ನು ಒಪ್ಪಿಸಲು ಹೊರಟಿದ್ದರು, ಆಗದೆ ಏನು ಮಾಡಲಿ?

ಪಾದ್ರಿ ಸಾಹೇಬರ ಹತ್ತಿರ ಹೋದೆ. ಸೈತಾನನ ಎದುರು ತೊಡಬೇಕಾದ ದೇವರ ಸರ್ವಾಯುಧದ ಮೇಲೆ ಅವರು ಹಿಂದಿನ ವಾರವಷ್ಟೇ ಬೆವರು ಸುರಿಸಿ ಪ್ರಸಂಗ ಮಾಡಿದ್ದರು. ಸಭೆಯವರ ಮುಂದೆ ಪ್ರಾರ್ಥನೆ ಮಾಡಿ ನೀವೇ ಜಡಿ ಕತ್ತರಿಸಿರಿ, ಜನರ ಹೆದರಿಕೆ ಹೋಗುತ್ತದೆ ಎಂದು ಬೇಡಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅವಸರ ಮಾಡಬ್ಯಾಡ ತಂಗಿ. ಸುಗ್ಗಿ ಮುಂದ ಬಂದೈತಿ. ನಮ್ಮ ಮಂದಿ ಕೂಲಿಗೆ ಹೋಗೂದು ಆ ದೊಡ್ಡ ಮನಿ ಹೊಲಕ್ಕ. ಊರು ಎದುರು ಹಾಕ್ಕೊಂಡು ಎಲ್ಲಿ ಹೋಗೂಣು? ನಂಬಿಕಿ ಎದಿಯಾಗ ಇರತೈತಿ, ಕೂದಲದಾಗ ಏನೈತಿ?"

"ಏನೂ ಇಲ್ಲಂದ್ರ ಕತ್ತರಿಸ್ರಿ," ಅಂದೆ.

ಅವರು ಕನ್ನಡಕ ಹಾಕಿಕೊಂಡು, ಪ್ರಾರ್ಥನೆಯಲ್ಲಿ ನೆನೆಯುತ್ತೇನೆ ಎಂದರು. ಗಂಡ ಸೂಟಿಗೆ ಬಂದಾಗ ಅವನಿಗೂ ಹೇಳಿದೆ. "ಮದಲ ಅವ್ವನ್ನ ಒಪ್ಪಸು, ನಂದೇನಿಲ್ಲ," ಎಂದು ಬೀಡಿ ಹಚ್ಚಿಕೊಂಡು ಹೊರಗೆ ಹೋದ. ಗಿರಣಿಯ ಮಶೀನುಗಳ ಅಬ್ಬರಕ್ಕೆ ಹೆದರದವನು ತಾಯಿಗೆ ಹೆದರಿದ.

ಮಾಘದ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವವರ ಗಾಡಿಗಳು ಸಜ್ಜಾಗುತ್ತಿದ್ದವು. ಅತ್ತೆ ಹಸಿರು ಬಳೆ ತಂದು ಅದೇ ಸೀರೆಯೊಳಗೆ ಸುತ್ತಿಟ್ಟದ್ದು ನನ್ನ ಕಣ್ಣಿಗೆ ಬಿತ್ತು. ಯಾವ ಗಾಡಿಯಲ್ಲಿ ಕೂಡಬೇಕೆಂಬುದೂ ನಿಶ್ಚಯವಾಗಿತ್ತು. ನಡುವೆ ಉಳಿದದ್ದು ಒಂದು ರವಿವಾರ.

ನಮ್ಮ ಸಭೆಯಲ್ಲಿ ಹಿಡಿಧಾನ್ಯದ ಪದ್ಧತಿ ಇತ್ತು. ಹೆಂಗಸರು ಒಲೆ ಹೊತ್ತಿಸುವ ಮುಂಚೆ ಪ್ರತಿಸಲ ಒಂದು ಹಿಡಿ ಜೋಳ ತೆಗೆದಿಟ್ಟು, ರವಿವಾರ ತಂದು ಮೇಜಿನ ಮುಂದಿನ ಬುಟ್ಟಿಗೆ ಸುರಿಯುತ್ತಿದ್ದರು. ಆ ಜೋಳ ಪಾದ್ರಿಯವರ ಮನೆಗೆ ಹೋಗುತ್ತಿತ್ತು. ಅವತ್ತು ನನ್ನ ಸರದಿ ಬಂದಾಗ ನಾನು ಮಗಳ ಕೈ ಹಿಡಿದುಕೊಂಡು ಮುಂದೆ ಹೋದೆ. ಜೋಳ ಸುರಿದೆ. ಸೊಂಟದಿಂದ ಕತ್ತರಿ ತೆಗೆದು ಅವಳ ಕಿವಿಯ ಹಿಂದೆ ಹಚ್ಚಿದೆ. ಜಡಿ ಗಟ್ಟಿಯಿತ್ತು, ಒಂದೇ ಪೆಟ್ಟಿಗೆ ಬರಲಿಲ್ಲ. ಕಚ್ ಕಚ್ ಎಂಬ ಸಪ್ಪಳ ಮಂದಿರಕ್ಕೆಲ್ಲ ಕೇಳಿತು. ಕಡಿದುಬಿದ್ದ ಜಡಿಯನ್ನು ಬುಟ್ಟಿಯ ಜೋಳದ ಮೇಲೆ ಇಟ್ಟೆ. ತಲೆ ಒಂದು ಕಡೆ ಬೋಳಾಗಿ ಕಂಡೀತೆಂದು ಉಳಿದ ಕೂದಲನ್ನೂ ಗಿಡ್ಡ ಮಾಡಿದೆ. "ಕರ್ತನ ಹೆಸರಿನಲ್ಲಿ" ಎಂದಷ್ಟೇ ಹೇಳಿದೆ.

ಮುಂದಿನ ಸಾಲಿನವರು ಎದ್ದು ಬಾಗಿಲಿಗೆ ನುಗ್ಗಿದರು. ಅತ್ತೆ ಎದೆ ಬಡಿದುಕೊಂಡು ಕುಸಿದರು. ಪಾದ್ರಿ ಸಾಹೇಬರು ಸರ್ವಾಯುಧ ಸಮೇತ ಗೋಡೆಗೆ ಒರಗಿ ನಿಂತಿದ್ದರು. ಆ ವಾರದ ಜೋಳ ಅವರ ಮನೆಯ ಬೀಸುವ ಕಲ್ಲಿಗೆ ಬೀಳಲಿಲ್ಲ, ಕೋಳಿಗಳಿಗೆ ಹಾಕಿದರೆಂದು ಕೇಳಿದೆ. ಕೋಳಿಗಳು ಚೆನ್ನಾಗಿಯೇ ಮೇಯ್ದುಕೊಂಡಿದ್ದವು.

ಗುಡ್ಡದ ಗಾಡಿ ನನ್ನ ಮಗಳನ್ನು ಬಿಟ್ಟೇ ಹೋಯಿತು. ಅಲ್ಲಿಂದ ಯಾರೂ ನನಗೆ ಕುಬಸ ಹೊಲಿಯಲು ಕೊಡಲಿಲ್ಲ. ಜಡಿ ಕೊಯ್ದ ಕತ್ತರಿ ತಮ್ಮ ಅರಿವೆಗೆ ತಾಗಬಾರದಂತೆ. ಅದನ್ನೂ ಸಹಿಸಿಕೊಂಡೆ. ಹೋಳಿಯ ಹೊತ್ತಿಗೆ ಊರಲ್ಲಿ ನಾಯಿಕೆಮ್ಮು ಎದ್ದಿತು. ದೊಡ್ಡ ಮನೆಯ ಮಕ್ಕಳಿಗೂ ಬಂತು, ಎಲ್ಲಮ್ಮನ ಹೆಸರಿನಲ್ಲಿ ಕೊಡ ಹೊರುವ ಜೋಗಮ್ಮನ ಮೊಮ್ಮಗನಿಗೂ ಬಂತು. ನನ್ನ ಮಗನಿಗೂ ಬಂತು. ಊರ ಮಕ್ಕಳಿಗೆಲ್ಲ ಬಂದದ್ದು ಕೆಮ್ಮು, ನನ್ನ ಮಗನಿಗೆ ಬಂದದ್ದು ಶಾಪ! ಅಷ್ಟು ಬುದ್ಧಿ ನಮ್ಮ ಜನರದು.

ಒಂದು ಬೆಳಿಗ್ಗೆ ಕೂಸು ಕೆಮ್ಮಿ ಕೆಮ್ಮಿ ನೀಲಿಯಾಗತೊಡಗಿತು. ಗೋಕಾಕಕ್ಕೆ ಒಯ್ದರೆ ದವಾಖಾನೆ ಇತ್ತು. ದಿನದ ಬಸ್ಸು ಹೋಗಿಬಿಟ್ಟಿತ್ತು. ನಮ್ಮ ಸಭೆಯಲ್ಲಿ ಸ್ವಂತ ಗಾಡಿ ಇದ್ದದ್ದು ಒಬ್ಬ ಹಿರಿಯರಿಗೆ. ಅವರ ಅಂಗಳದಲ್ಲಿ ಎತ್ತುಗಳು ಸುಮ್ಮನೆ ಮೆಲುಕು ಹಾಕುತ್ತಿದ್ದವು.

"ಕಾಕಾ, ಗಾಡಿ ಹೂಡ್ರಿ, ಕೂಸು ಕೈ ಬಿಡಾಕತ್ತೈತಿ," ಎಂದು ಕಾಲು ಹಿಡಿದೆ.

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಬ್ಯಾರೆ ಯಾರನ್ನಾರ ಕೇಳವಾ. ನನ್ನ ಎತ್ತಿಗೆ ಏನಾರ ಆದ್ರ ಮಾಡೂದೇನು? ನೀ ಮಾಡಿದ್ದು ಸಣ್ಣದಲ್ಲ."

ಕ್ರಿಸ್ತನ ಹೆಸರಿನಲ್ಲಿ ದೀಕ್ಷೆ ಪಡೆದ ಮನುಷ್ಯ, ಸಭೆಯ ಹಿರಿಯ! ದೊಡ್ಡ ಮನೆಯವರ ಗಾಡಿ ಹೇಗೂ ನನಗೆ ಸಿಗುವುದಲ್ಲ. ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮಗಳನ್ನು ಕೈಹಿಡಿದು ಗೋಕಾಕದ ದಾರಿಗೆ ಬಿದ್ದೆ. ಯಾವುದಾದರೂ ಗಾಡಿ ಎದುರಾದೀತೆಂಬ ಆಸೆ. ಬಿಸಿಲು ಏರಿತು. ಹಾದಿಬದಿಯ ಬೇವಿನ ಗಿಡದ ಕೆಳಗೆ ನೀರು ಕುಡಿಸಲು ಕೂತಾಗ ಅವನು ಉಸಿರು ಬಿಟ್ಟ. ಅವನನ್ನು ಹಾಗೇ ಹೊತ್ತುಕೊಂಡು ತಿರುಗಿ ಬಂದೆವು. ಮಗಳು ಮೂರು ಸಲ ಕೇಳಿದಳು, ತಮ್ಮ ಮಲಗಿದನೇ ಎಂದು. ನಾನು ಹೂಂ ಅಂದೆ.

ಆ ದಾರಿಯಲ್ಲಿ ನಾನೂ ನನ್ನನ್ನು ಕೇಳಿಕೊಂಡೆ. ನನ್ನ ಕತ್ತರಿಯೇ ಇವನನ್ನು ಕೊಂದಿತೇ? ಕೇಳಿಕೊಳ್ಳಲಿಲ್ಲ ಎಂದರೆ ಸುಳ್ಳಾದೀತು. ಆದರೆ ಕೂದಲಿಗೆ ಬದಲು ಕೂಸನ್ನು ಕೇಳುವ ಯಾವ ಶಕ್ತಿಯನ್ನೂ ದೇವರೆಂದು ಒಪ್ಪಲು ನನ್ನಿಂದ ಆಗಲಿಲ್ಲ. ಎತ್ತುಗಳನ್ನು ಅಂಗಳದಲ್ಲಿ ಕಟ್ಟಿಹಾಕಿತ್ತು. ಅದು ನನ್ನ ಕಣ್ಣಮುಂದಿನಿಂದ ಹೋಗಲಿಲ್ಲ.

ಗಂಡನಿಗೆ ಸುದ್ದಿ ಮುಟ್ಟಿ ಅವನು ಬಂದ ಮೇಲೆ, ಕೂಸನ್ನು ಮಣ್ಣು ಮಾಡಲು ಊರ ಹೊರಗಿನ ನಮ್ಮ ಸಮಾಧಿಯ ಜಾಗಕ್ಕೆ ಹೋದೆವು. ನಮ್ಮಲ್ಲಿ ಹೆಂಗಸರು ಕುಣಿಯ ತನಕ ಹೋಗುವುದಿಲ್ಲ, ನಾನು ಹೋದೆ. ಅತ್ತೆಯೂ ಹಿಂದೆ ಬಂದರು, ಮಗಳ ಗಿಡ್ಡ ಕೂದಲಿನ ತಲೆ ಯಾರಿಗೂ ಕಾಣಬಾರದೆಂದು ಅರಿವೆ ಸುತ್ತಿದ್ದರು. ಪಾದ್ರಿ ಸಾಹೇಬರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಮಣ್ಣಿನಿಂದ ಬಂದದ್ದು, ಮಣ್ಣಿಗೆ ಹೋಗುವುದು, ಎಲ್ಲ ಹೇಳಿದರು. ಕೊನೆಗೆ ಧ್ವನಿ ಇಳಿಸಿ, ಈ ತಾಯಿ ಅವಸರದಲ್ಲಿ ಮಾಡಿದ ತಪ್ಪನ್ನು ಕ್ಷಮಿಸು ತಂದೆಯೇ ಎಂದರು.

ಅತ್ತೆ ಆಮೆನ್ ಅಂದರು. ಗಾಡಿಯ ಹಿರಿಯರು ಎಲ್ಲರಿಗಿಂತ ಗಟ್ಟಿಯಾಗಿ ಅಂದರು. ನನ್ನ ಗಂಡನೂ ಅಂದ.

"ನಾ ಅನ್ನೂದಿಲ್ಲ," ಅಂದೆ.

ಎಲ್ಲರೂ ಕಣ್ಣು ಬಿಟ್ಟರು.

"ನನ್ನ ಮಗ ಕೆಮ್ಮಿನಿಂದ ಸತ್ತಾನ. ಗಾಡಿ ಸಿಗಲಾರದಕ್ಕ ಸತ್ತಾನ. ಕ್ಷಮಾ ಬೇಡೂದಿದ್ರ ನಿಮ್ಮ ನಿಮ್ಮ ಹೆಸರೀಲೆ ಬೇಡ್ಕೋರಿ. ಪಾದ್ರಿ ಸಾಹೇಬ್ರ, ಇನ್ನೊಮ್ಮೆ ಪ್ರಾರ್ಥನಾ ಮಾಡ್ರಿ. ಈ ಸಲ ಖರೇ ಮಾಡ್ರಿ."

ಅವರು ನೆಲ ನೋಡಿದರು. ಹಿರಿಯರು ಹೆಗಲ ಮೇಲಿನ ಟಾವೆಲ್ ಸರಿಪಡಿಸಿಕೊಂಡರು. ಗಂಡ ನನ್ನ ರಟ್ಟೆ ಹಿಡಿದು, "ಸಾಕು, ನಡಿ," ಎಂದ. ನಾನು ಕೈ ಕೊಸರಿಕೊಂಡು ಹಸಿ ಮಣ್ಣಿನ ಮೇಲೆ ಮೊಣಕಾಲೂರಿದೆ.

"ದೇವರೇ, ನನಗ ಸಿಟ್ಟು ಬಂದೈತಿ," ಅಂದೆ. "ಇವರ ಮ್ಯಾಲೂ ಬಂದೈತಿ, ನಿನ್ನ ಮ್ಯಾಲೂ ಬಂದೈತಿ. ಆದ್ರ ನಾ ಗುಡ್ಡಕ್ಕ ಹೋಗೂದಿಲ್ಲ. ನಿನ್ನ ಬಿಟ್ಟೂ ಹೋಗೂದಿಲ್ಲ. ನನ್ನ ಮಗ ನಿನ್ನ ಕಡೆ ಬಂದಾನ, ನೋಡ್ಕೋ."

ಅಷ್ಟು ಮಂದಿ ನಿಂತೇ ಇದ್ದರು. ಮಗಳು ತಲೆಗೆ ಸುತ್ತಿದ್ದ ಅರಿವೆಯನ್ನು ತಾನೇ ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟು, ಬಂದು ನನ್ನ ಪಕ್ಕದಲ್ಲಿ ಮೊಣಕಾಲೂರಿ, ಆಮೆನ್ ಅಂದಳು.