ಅವ್ವ ಸೋಸಿದ ನೀರು

ನಿಜಾಮರ ಫಸಲಿ ೧೩೩೧ರಲ್ಲಿ, ಇಂಗ್ಲಿಷ್ ಲೆಕ್ಕಕ್ಕೆ ೧೯೨೨ರಲ್ಲಿ, ನಾನು ಓದು ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ ಕಾಲು ಬಿಡಿಸಿತು ಅನ್ನಬೇಕು. ನಮ್ಮ ಹಳ್ಳಿಯಿಂದ ದೇವದುರ್ಗದ ಶಾಲೆಗೆ ನಡೆದು ಹೋಗುತ್ತಿದ್ದೆ, ನಾಲ್ಕನೆಯ ಜಮಾತು. ಆ ಬೇಸಿಗೆ ಬಲಗಾಲಿಗೆ ನಾರುಹುಣ್ಣು ಎದ್ದಿತು. ನೋಡದವರಿಗೆ ಹೇಳುತ್ತೇನೆ. ಮೊದಲು ಒಂದು ಬೊಬ್ಬೆ, ಬೆಂಕಿ ಇಟ್ಟಂಥ ಉರಿ. ಬೊಬ್ಬೆ ಒಡೆದ ಮೇಲೆ ಬಿಳಿ ದಾರದಂಥ ಹುಳ ಇಣುಕುತ್ತದೆ. ಎಳೆಯುವ ಹಾಗಿಲ್ಲ. ಸಣ್ಣ ಕಡ್ಡಿಗೆ ದಿನಕ್ಕೆ ಒಂದು ಸುತ್ತು ಸುತ್ತುತ್ತ ಹೋಗಬೇಕು. ಹರಿದರೆ ಒಳಗೇ ಕೀವಾಗುತ್ತದೆ. ನನ್ನದನ್ನು ಸುತ್ತಿ ತೆಗೆದವಳು ಅವ್ವ. ಅದು ಪೂರ್ತಿ ಹೊರಗೆ ಬರುವಷ್ಟರಲ್ಲಿ ಜೊತೆಯ ಹುಡುಗರು ಮುಂದಿನ ಪುಸ್ತಕಕ್ಕೆ ಹೋಗಿದ್ದರು. ಅವರ ಹಿಂದೆ ಕೂಡಲು ನನಗೆ ಮನಸ್ಸಾಗಲಿಲ್ಲ. ಬಂಡಿ ಹೊಡೆಯಲು ನಿಂತೆ. ಶೇಂಗಾ, ಹತ್ತಿ ಹೇರಿಕೊಂಡು ರಾಯಚೂರಿಗೆ ಹೋಗುವುದು, ಬರುವುದು. ಅವತ್ತಿನಿಂದ ಯಾರ ಮುಂದೆಯೂ ಕೈ ಚಾಚಿಲ್ಲ.

ನಮ್ಮೂರಲ್ಲಿ ನಾರುಹುಣ್ಣು ಆಗದ ಮನೆ ಇಲ್ಲ. ಆಗದ ಮನುಷ್ಯರೆಂದರೆ ಅವ್ವ ಒಬ್ಬಳೇ ಎಂದು ಜನ ಹೇಳುತ್ತಿದ್ದರು.

ಅಪ್ಪ ಬೇಗ ಹೋದ. ಅಕ್ಕನನ್ನೂ ನನ್ನನ್ನೂ ಬೆಳೆಸಿದವಳು ಅವಳೇ. ಬೆಳಗಿನ ಜಾವ ಸ್ನಾನ ಮಾಡಿ ಮೆಟ್ಟಿಲ ಬಾವಿಗೆ ಇಳಿಯುತ್ತಿದ್ದಳು. ಮೊದಲ ಕೊಡ ಲಿಂಗಪೂಜೆಗೆ. ಅದರ ಬಾಯಿಗೆ ಬಿಳಿ ಬಟ್ಟೆಯನ್ನು ಮಡಚಿ ಕಟ್ಟಿ, ನೀರು ಸೋಸಿ ತುಂಬುತ್ತಿದ್ದಳು. ಆ ಕೊಡ ಯಾರೂ ಮುಟ್ಟುವಂತಿಲ್ಲ. ಪೂಜೆಯಾದ ಮೇಲೆ ಉಳಿದದ್ದನ್ನೇ ಅವಳು ದಿನವೆಲ್ಲ ಕುಡಿಯುತ್ತಿದ್ದಳು. ಆಮೇಲೆ ಮನೆಯವರಿಗೆ ನಾಲ್ಕೈದು ಕೊಡ ತರುತ್ತಿದ್ದಳು. ಅವನ್ನು ಹಾಗೆಯೇ ಹಂಡೆಗೆ ಸುರಿಯುತ್ತಿದ್ದಳು. ಎಪ್ಪತ್ತರ ಹತ್ತಿರ ಬಂದರೂ ಈ ಕೆಲಸ ಸೊಸೆಗೆ ಬಿಟ್ಟುಕೊಟ್ಟಿರಲಿಲ್ಲ. ಊರ ಅರ್ಧ ಜನರ ಹುಳ ಸುತ್ತಿ ತೆಗೆದ ಕೈ ಅವಳದು. "ಆಕಿ ಭಕ್ತಿಗೆ ಹುಳಾನೂ ಅಂಜ್ತದ," ಎಂದು ಪಕ್ಕದ ಮನೆಯ ಚಿಗವ್ವ ಅನ್ನುತ್ತಿದ್ದಳು. ಅವ್ವ ಹೌದು ಅನ್ನುತ್ತಿರಲಿಲ್ಲ, ಅಲ್ಲ ಅಂತಲೂ ಅನ್ನುತ್ತಿರಲಿಲ್ಲ.

ಹೋದ ಬೇಸಿಗೆ ಒಂದು ಬೆಳಗ್ಗೆ ಕಟ್ಟೆಯ ಮೇಲೆ ಕೂತು ಎಡಗಾಲಿನ ಹಿಮ್ಮಡಿ ಕೆರೆಯುತ್ತಿದ್ದಳು.

"ಏನಬೇ ಅದು?"

"ಏನಿಲ್ಲ. ಇರುವಿ ಕಡದದ."

ಇರುವೆ ಆಗಿರಲಿಲ್ಲ.

ಉರಿಗಿಂತ ಅವಳಿಗೆ ನಾಚಿಕೆಯೇ ಹೆಚ್ಚಾಗಿತ್ತು. ಸೀರೆಯ ಅಂಚು ಇಳಿಸಿ ಹುಣ್ಣನ್ನು ಮುಚ್ಚಿಕೊಂಡು ಓಡಾಡಿದಳು. "ಬಸಣ್ಣಾ, ನಾ ಎಲ್ಲಿ ತಪ್ಪೀನೋ? ಪೂಜಿ ಬಿಟ್ಟಿಲ್ಲ, ಸೋಮವಾರ ಬಿಟ್ಟಿಲ್ಲ," ಎಂದು ಒಂದೇ ಮಾತು. ತನ್ನ ಹುಳ ತಾನೇ ಸುತ್ತಿಕೊಂಡಳು. ಮಲಗು ಅಂದರೆ, "ನಾ ಮಲಗಿದ್ರ ನಿಮ್ಮ ಮನೀನೂ ಮಲಗತದ," ಎಂದು ನನ್ನನ್ನೇ ಗದರಿಸಿದಳು. ನನಗೆ ಬಂಡಿಯ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ. ರಾಯಚೂರಿನಲ್ಲಿ ಮಾಲು ಇಳಿಸುವಾಗಲೂ ಆ ಕಡ್ಡಿಯೇ ಕಣ್ಣ ಮುಂದೆ.

ಒಂದು ದಿನ ಹೊಸ್ತಿಲು ದಾಟುವಾಗ ಸೀರೆಯ ಅಂಚು ಕಡ್ಡಿಗೆ ಸಿಕ್ಕಿತು.

ಹುಳ ಹರಿಯಿತು.

ಸಂಜೆಗೆ ಕಾಲು ಬಾತಿತು. ಮರುದಿನ ಮೊಣಕಾಲು ದಾಟಿತು. ಸೊಪ್ಪು ಕಾಯಿಸಿ ಕಟ್ಟಿದೆವು. ಜ್ವರ ಇಳಿಯಲಿಲ್ಲ. ಸತ್ತುಹೋದ ಅಪ್ಪನ ಜೊತೆ ಮಾತಾಡತೊಡಗಿದಾಗ ನಾನು ಬಂಡಿ ಕಟ್ಟಿದೆ. ಮಕ್ಕಳನ್ನು ಚಿಗವ್ವನ ಹತ್ತಿರ ಬಿಟ್ಟೆವು. ಹೆಂಡತಿ ನೀಲವ್ವ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಎತ್ತು ಓಡಿಸಿದರೆ ಅವ್ವ ನರಳುತ್ತಾಳೆ, ನಿಧಾನ ಮಾಡಿದರೆ ಹೊತ್ತು ಹೋಗುತ್ತದೆ. ಆ ದಾರಿಯ ಒಂದೊಂದು ತಗ್ಗೂ ನನಗೆ ಗೊತ್ತು ಎಂಬ ಜಂಬ ನನ್ನದು. ಅವತ್ತು ಎಲ್ಲ ತಗ್ಗಿಗೂ ಗಾಲಿ ಬಿತ್ತು. ಕಲ್ಮಲದಲ್ಲಿ ಎತ್ತುಗಳಿಗೆ ನೀರು ಕುಡಿಸಿದೆ. ಅವು ಕುಡಿಯುವಷ್ಟು ಹೊತ್ತೂ ನಿಲ್ಲಲಾಗಲಿಲ್ಲ.

ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ಒತ್ತಿ ನೋಡಿದರು. "ಸೆಪ್ಟಿಕ್ ಆಗ್ಯದ. ಈಗಲೇ ಆಪರೇಷನ್ ಮಾಡಬೇಕು. ಕೀವು ತೆಗೆದು ನೋಡ್ತೀನಿ. ಉಳಿದ್ರ ನಸೀಬು. ಇಲ್ಲಾಂದ್ರ ಕಾಲು ತೆಗೀಬೇಕಾಗ್ತದ."

ಕಾಲು ತೆಗೆಯುವುದು ಎಂಬ ಮಾತು ಕೇಳಿದ ಮೇಲೆ ನನಗೆ ಕೂಡಲು ಆಗಲಿಲ್ಲ. ವರಾಂಡದ ಈ ತುದಿಯಿಂದ ಆ ತುದಿಗೆ ತಿರುಗಿದೆ. "ಒಂದು ಕಡಿ ಕುಂದ್ರೋ ಮಾರಾಯಾ, ಸರಕಾರದ ಫರಸಿ ಕಲ್ಲು ಸವದು ಹೋಗ್ತದ," ಎಂದ ಕಂಪೌಂಡರ್. ನೀಲವ್ವ ಅಳುತ್ತಲೇ ನಕ್ಕಳು. ನನಗೆ ಸಿಟ್ಟು ಬಂತು, ಆದರೂ ಕೂಡಲಿಲ್ಲ.

ಕಾಲು ಉಳಿಯಿತು. ಮೊಣಕಾಲು ಇನ್ನು ಮಡಚುವುದಿಲ್ಲ ಅಂದರು.

ದಿನಾ ಡ್ರೆಸಿಂಗ್. ಬ್ಯಾಂಡೇಜ್ ಬಿಚ್ಚುವಾಗ ಅವ್ವ ಹಲ್ಲು ಕಚ್ಚಿ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು. ಜ್ವರ ಇಳಿಯುತ್ತ ಬಂದಿತ್ತು. ಆಗ ಒಂದು ದಿನ ಡಾಕ್ಟರು ಕೇಳಿದರು.

"ಕುಡಿಯೋ ನೀರು ಎಲ್ಲೀದಮ್ಮಾ?"

"ಮೆಟ್ಲ ಬಾವೀದ್ರೀ ಯಪ್ಪಾ."

"ಸೋಸ್ತೀರೇನು?"

"ಸೋಸ್ದೇ ಇರ್ತೀನೇನ್ರೀ? ಲಿಂಗದ ಮ್ಯಾಲೆ ಹಾಕೂ ನೀರು."

"ಅದು ದೇವರಿಗಾತು. ಮನಿ ಮಂದಿಗೆ?"

ಅವ್ವ ಕೊರಳ ಲಿಂಗವನ್ನು ಸೆರಗಿನೊಳಗೆ ಸರಿಸಿದಳು. ಡಾಕ್ಟರು ಕೈ ತೊಳೆಯುತ್ತ ಹೇಳಿದರು. ಹುಣ್ಣಿನ ಕಾಲು ನೀರಿಗೆ ಇಳಿಸಿದಾಗ ಹುಳ ಮರಿ ಬಿಡುತ್ತದೆ, ಆ ಮರಿ ನೀರಿನ ಸಣ್ಣ ಹುಳುವಿನೊಳಗೆ ಸೇರುತ್ತದೆ, ಕುಡಿದ ವರ್ಷದ ಮೇಲೆ ನಮ್ಮ ಕಾಲಲ್ಲಿ ಏಳುತ್ತದೆ. ದಪ್ಪ ಬಟ್ಟೆಯಲ್ಲಿ ಸೋಸಿದರೆ ಅಲ್ಲೇ ನಿಲ್ಲುತ್ತದೆ. "ಹೋದ ವರ್ಷ ಈ ಹೊತ್ತಿಗೆ ಎಲ್ಲಿದ್ರಿ?"

ಮಾನ್ವಿಯಲ್ಲಿದ್ದಳು. ಅಕ್ಕನನ್ನು ಅಲ್ಲಿಗೇ ಕೊಟ್ಟಿದೆ. ಅವಳ ಮಗಳ ಬಾಣಂತನಕ್ಕೆ ಅವ್ವ ಹೋಗಿದ್ದಳು. ಎಳೆಗೂಸಿನ ಗಡಿಬಿಡಿಯಲ್ಲಿ ಪೂಜೆಗೆ ಒಂದು ಚೆಂಬು ಸೋಸಿಕೊಂಡು, ನೀರಡಿಕೆಗೆ ಆ ಮನೆಯ ಕೊಡದ್ದನ್ನೇ ಕುಡಿದಿದ್ದಳು.

ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಅವ್ವ ಗೋಡೆಯ ಕಡೆ ತಿರುಗಿದಳು.

ಅವತ್ತಿನಿಂದ ನೀರು ಕುಡಿಯಲಿಲ್ಲ.

ನೀಲವ್ವ ತನ್ನ ಸೆರಗಲ್ಲಿ ಸೋಸಿ ತಂದಳು. ಬೇಡ. ನಾನು ತಂದೆ. ಬೇಡ. ಜ್ವರ ಮತ್ತೆ ಏರಿತು. ನೀರು ಹೋಗದಿದ್ದರೆ ಔಷಧ ಏನು ಮಾಡೀತು ಎಂದು ಡಾಕ್ಟರು ನನ್ನ ಮೇಲೆ ಹರಿಹಾಯ್ದರು. ನಾನು ಅವ್ವನ ಮೇಲೆ ಹರಿಹಾಯ್ದೆ.

"ಕಾಲು ಉಳಿಸ್ಕೊಂಡು ಪ್ರಾಣ ಬಿಡ್ತೀಯೇನಬೇ? ಇದಕ್ಕೇನು ನಾ ಬಂಡಿ ಕಟ್ಕೊಂಡು ಬಂದದ್ದು?"

ಗೋಡೆಗೆ ಹೇಳಿದಂತೆ ಹೇಳಿದಳು: "ದೇವರಿಗೆ ಸೋಸಿ ಕೊಟ್ಟೆ. ನಿಮಗ ಹಂಗ ಕೊಟ್ಟೆನಲ್ಲೋ."

ನಾನು ಬಾವಿಯ ಮೆಟ್ಟಿಲು ಹತ್ತಿ ಇಳಿದು ಸವೆದ ಆ ಹಿಮ್ಮಡಿಗಳನ್ನೇ ನೋಡುತ್ತ ನಿಂತೆ. ಅವಳೇ ಮುಂದುವರಿಸಿದಳು.

"ನಿನ್ನ ಸಾಲಿ ಬಿಡ್ಸಿದ್ದು ನನ್ನ ಕೊಡ."

"ಸಾಲಿ ಕಲ್ತಿದ್ರ ಯಾವನೋ ಸಾಹೇಬನ ಮುಂದ ಕೈ ಕಟ್ಕೊಂಡು ನಿಂದರ್ತಿದ್ದೆ. ನೀ ನೀರು ತರದಿದ್ರ ನೀರಡಿಸಿ ಸಾಯ್ತಿದ್ವಿ. ಯಾರಿಗೆ ಗೊತ್ತಿತ್ತು?"

"ಈಗ ಗೊತ್ತಾತಲ್ಲ." ಆಗ ಮುಖ ತಿರುಗಿಸಿದಳು. ಕಣ್ಣು ಕೆಂಡದಂತಿತ್ತು. "ಅಲ್ಲಿ ಹುಡುಗ್ರು ಇವತ್ತೂ ಅದನ್ನ ಕುಡ್ಯಾಕತ್ಯಾವ. ಗೊತ್ತಾದ ಮ್ಯಾಲೂ ನೀ ಇಲ್ಲಿ ಯಾಕ ಕುಂತೀಯೋ?"

ಅವಳಿಗೆ ಬೇಕಿದ್ದದ್ದು ಅದು. ನನಗೆ ಹೊಳೆದಿರಲಿಲ್ಲ. ಆದರೆ ಜ್ವರದಲ್ಲಿ ಬಿಟ್ಟು ಹೋಗುವುದು ಹೇಗೆ? ಅಲ್ಲಿ ಮಕ್ಕಳು, ಇಲ್ಲಿ ಇವಳು. ಕೊನೆಗೆ ಲೋಟ ಹಿಡಿದು ಹೇಳಿದೆ: "ನೀ ಇದನ್ನ ಕುಡಿ. ನಾ ಬಂಡಿ ಕಟ್ತೀನಿ. ನೀ ಕುಡೀಲಿಲ್ಲಂದ್ರ ನಾ ಹೋಗಂಗಿಲ್ಲ."

ಸಂತೆಯಲ್ಲಿ ಎತ್ತಿನ ಬೆಲೆ ಕುದುರಿಸುವವಳಂತೆ ನನ್ನ ಮುಖ ನೋಡಿದಳು. ಕೊರಳ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡಳು. ಕುಡಿದಳು.

"ನನ್ನ ಬಿಳಿ ಸೀರಿ ಪೆಟ್ಟಿಗ್ಯಾಗ ಅದ. ಹೊಸಾದು. ಹರಿ. ಮಡಚಿ ಕಟ್ಟು, ಒಂದ ಪದರು ಸಾಲಂಗಿಲ್ಲ," ಎಂದಳು. ಆ ಸೀರೆ ಅವಳು ತನ್ನ ಕೊನೆಯ ದಿನಕ್ಕೆಂದು ತೆಗೆದಿಟ್ಟದ್ದು. ನೀಲವ್ವನನ್ನು ಅವಳ ಹತ್ತಿರ ಬಿಟ್ಟು ಊರಿಗೆ ಹೋಗಿ ನಾನು ಅದನ್ನು ಹರಿದೆ.

ಚಿಗವ್ವ ಬಾವಿಯ ಹತ್ತಿರ ನನ್ನನ್ನು ನೋಡಿ ಸೊಂಟದ ಕೊಡ ಇಳಿಸಿ ನಿಂತಳು. ಗಂಡಸು ನೀರು ಸೋಸುವುದನ್ನು ಅವಳು ಕಂಡಿರಲಿಲ್ಲ. "ಏನಲೇ ಬಸಣ್ಣಾ, ನಿಮ್ಮ ಮನ್ಯಾಗ ಎಲ್ಲಾರೂ ದೇವರೇ ಆಗ್ಯಾರೇನು?"

ಅವತ್ತು ನಾನು ಕೊಡ ಎತ್ತಿಕೊಂಡು ಮನೆಗೆ ನಡೆದೆ. ಮಳೆ ಶುರುವಾದ ಮೇಲೆ ಅವ್ವನನ್ನು ಮನೆಗೆ ಕರೆತಂದಾಗ ಚಿಗವ್ವ ಅದೇ ಮಾತು ಅವಳ ಮುಂದೆ ಆಡಿದಳು. ಅವ್ವ ಕಾಲು ಚಾಚಿ ಬಾಗಿಲಲ್ಲೇ ಕೂತಿದ್ದಳು. "ಹೌದವಾ, ಎಲ್ಲಾ ದೇವರೇ. ಮೂರು ಹೊತ್ತೂ ನೈವೇದ್ಯ ಬೇಡ್ತಾವ," ಅಂದಳು. ಮುಂದಿನ ವಾರ ಚಿಗವ್ವನ ಕೊಡದ ಬಾಯಿಗೂ ಬಟ್ಟೆ ಬಿದ್ದಿತು.

ಈಗ ಬಾವಿಗೆ ಇಳಿಯುವವಳು ನೀಲವ್ವ. "ಸೋಸೂದ್ರಾಗ ಹೊತ್ತು ಏರ್ತದತ್ತೀ," ಎಂದು ಅವಳು ಗೊಣಗುತ್ತಾಳೆ. "ಏರ್ಲಿ," ಎನ್ನುತ್ತಾಳೆ ಅವ್ವ. ಬಟ್ಟೆ ಇಲ್ಲದ ಕೊಡ ಆ ಚಾಚಿದ ಕಾಲು ದಾಟಿ ಒಳಗೆ ಹೋಗುವುದಿಲ್ಲ.

ಆದರೂ ನನಗೆ ನೆಮ್ಮದಿಯಿಲ್ಲ. ಮೊದಲು ಕುಡಿದದ್ದು ಈ ಬೇಸಿಗೆ ಎದ್ದೇ ಏಳಬಹುದು ಎಂದು ಡಾಕ್ಟರು ಹೇಳಿದ್ದರು. ಹೊಲದಲ್ಲಿ, ದಾರಿಯಲ್ಲಿ ಹುಡುಗರು ಎಲ್ಲಿ ಕುಡಿಯುತ್ತಾರೋ ಯಾರು ಬಲ್ಲರು? ಬಂಡಿ ಬಿಚ್ಚಿದ ಕೂಡಲೇ ಅವರ ಪಾದ ಹಿಡಿದು ನೋಡುತ್ತೇನೆ. ಅವು ಕಚಗುಳಿ ಎಂದು ನಗುತ್ತವೆ. ಮೊನ್ನೆ ಎರಡನೆಯವನ ಪಾದದ ಮೇಲೆ ಬೊಬ್ಬೆ ಕಂಡಿತು. ಅವ್ವ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕಡ್ಡಿ ಸುತ್ತುತ್ತಿದ್ದಾಳೆ. ನೀರಿಗೆ ಇಳಿಯಲು ಬಿಡುವುದಿಲ್ಲ.

ನನಗೀಗ ಇರುವುದು ಒಂದು ಬಂಡಿ, ಎರಡು ಎತ್ತು, ತಾಯಿ, ಹೆಂಡತಿ, ನಾಲ್ಕು ಮಕ್ಕಳು. ಮನೆಯಲ್ಲಿ ಏಳು ಜನ, ಹದಿನಾಲ್ಕು ಕಾಲು. ಇವತ್ತು ಹುಣ್ಣಿಲ್ಲದವು ಹದಿಮೂರು.