ಇಪ್ಪತ್ತೇಳು ಒಂದಕ್ಕಿಳಿದ ಸಂಜೆ

ಮೊನ್ನೆ ಬನಹಟ್ಟಿಯ ನಮ್ಮ ಹಳೆಯ ಓಣಿಗೆ ಕಾಲಿಟ್ಟಾಗ ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ ಆ ವಾಸನೆಗೆ ಹೆದರುತ್ತೇನೆ. ಪಕ್ಕದ ಮನೆಯ ಗಣಿತದ ಸರ್ ಬಂದು ಕೂತರೆ ಅವರ ಬಟ್ಟೆಗೂ ಅದೇ ವಾಸನೆ ಇರುತ್ತಿತ್ತು. ಅವರ ಮನೆಯ ಹಿಂದಿನ ಕೋಣೆಯಲ್ಲಿ ಅವರ ಅಣ್ಣನ ಮಗ್ಗಗಳಿದ್ದವು.

ನಾಲ್ಕನೆಯ ತರಗತಿಯಲ್ಲಿ ಸರ್ ಒಂದು ಆಟ ಕಲಿಸಿದ್ದರು. ಯಾವುದಾದರೂ ಸಂಖ್ಯೆ ಹಿಡಿ. ಸಮವಿದ್ದರೆ ಅರ್ಧ ಮಾಡು, ಬೆಸವಿದ್ದರೆ ಮೂರರಿಂದ ಗುಣಿಸಿ ಒಂದು ಕೂಡಿಸು. ಬಂದದ್ದಕ್ಕೆ ಮತ್ತೆ ಹಾಗೇ. ಆರು ಹಿಡಿದರೆ ಮೂರು, ಹತ್ತು, ಐದು, ಹದಿನಾರು, ಎಂಟು, ನಾಲ್ಕು, ಎರಡು, ಕೊನೆಗೆ ಒಂದು.

“ನೋಡಿದ್ವೆಲ್ಲಾ ಒಂದಕ್ಕ ಬಂದಾವು. ಬರದ ಇರೂದೊಂದು ಎಲ್ಲೆರೆ ಐತೇನು, ಜಗತ್ತಿನ್ಯಾಗ ಯಾರಿಗೂ ಗೊತ್ತಿಲ್ಲ,” ಎಂದಿದ್ದರು. ಉಳಿದವರು ನಕ್ಕರು. ನಾನು ಮಾತ್ರ ಮನೆಗೆ ಹೋಗಿಯೂ ಸಂಖ್ಯೆ ಇಳಿಸುತ್ತ ಕೂತೆ.

ಅದೇ ವರ್ಷ ಅವ್ವನಿಗೆ ಜ್ವರ ವಿಪರೀತವಾಗಿ ಜಮಖಂಡಿಯ ಆಸ್ಪತ್ರೆಗೆ ಸೇರಿಸಿದರು. ಆಯಿ, ಅಂದರೆ ಅಪ್ಪನ ತಾಯಿ, ಬೀರಪ್ಪನ ಗುಡಿಯಲ್ಲಿ ಪ್ರಸಾದ ಕೇಳಲು ಕೂತಳು. ದೇವರಿಗೆ ಹಚ್ಚಿದ ಹೂ ಬಲಕ್ಕೆ ಬಿದ್ದರೆ ಒಳ್ಳೆಯದು. ಅದು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ... ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೂ ಹೇಳದ್ದನ್ನು ಲೆಕ್ಕ ಹೇಳೀತು ಎಂದುಕೊಂಡು ಮನೆಗೆ ಓಡಿದೆ. ಅವ್ವನಿಗೆ ಇಪ್ಪತ್ತೇಳು ವರ್ಷ. ಇಪ್ಪತ್ತೇಳು ಒಂದಕ್ಕೆ ಇಳಿದರೆ ಅವ್ವ ಬರುತ್ತಾಳೆ.

ಇಳಿಯಲೇ ಇಲ್ಲ. ನೂರು ದಾಟಿತು, ಸಾವಿರ ದಾಟಿತು. ಇಳಿದಂತೆ ಮಾಡಿ ಮತ್ತೆ ಏರಿತು. ಪಡಸಾಲೆಯ ಕಲ್ಲುಹಾಸಿನ ಮೇಲೆಲ್ಲ ಸೀಮೆಸುಣ್ಣದ ಅಂಕಿಗಳು. ಏಳು ಸಾವಿರ ದಾಟಿತು. ಯಾರಿಗೂ ಗೊತ್ತಿಲ್ಲದ ಆ ಸಂಖ್ಯೆ ನಮ್ಮ ಅವ್ವನದೇ ಇರಬೇಕೆನಿಸಿ, ಅಳುತ್ತ ಹೋಗಿ ಸರ್ ಅವರನ್ನು ಕರೆತಂದೆ.

“ಸರ್ರೀ, ಇದು ಇಳಿಯಾಕ ಒಲ್ಲದು. ನಮ್ಮವ್ವ ಬರೂದಿಲ್ಲೇನ್ರಿ?”

“ಇದು ಪ್ರಸಾದ ಅಲ್ಲ ತಂಗಿ, ಬರೇ ಲೆಕ್ಕ,” ಎಂದರು. ನನ್ನ ಅಳು ನಿಲ್ಲಲಿಲ್ಲ. ಅವರು ನನ್ನ ಪಕ್ಕ ನೆಲಕ್ಕೆ ಕೂತರು. “ಬಾ, ಇಬ್ರೂ ಕೂಡಿ ಇಳಸೂಣು.”

ಒಂಬತ್ತು ಸಾವಿರ ದಾಟಿದ ಮೇಲೆ ಅದು ಜಾರತೊಡಗಿತು. ನಾನು ಬರೆಯುತ್ತಿದ್ದೆ, ಅವರು ತಪ್ಪು ನೋಡುತ್ತಿದ್ದರು. ಅಂಕಿಗಳ ಸಾಲು ಬಾಗಿಲ ಹತ್ತಿರ ತಲುಪಿದಾಗ ಕೊನೆಗೆ ಒಂದು ಬಂತು. ನಾನು ಕುಣಿದೆ. ಸರ್ ನಗಲಿಲ್ಲ.

ಮರುದಿನ ಅವ್ವನ ಹೆಣ ಬಂತು.

ಅಂಗಳದ ಮೂಲೆಯಲ್ಲಿ ನಿಂತಿದ್ದ ಸರ್ ಹತ್ತಿರ ಹೋಗಿ, “ಒಂದಕ್ಕ ಬಂದಿತ್ತಲ್ರಿ?” ಎಂದೆ. ಅವರು ಮುಖ ತಿರುಗಿಸಿ ಅಂಗಳ ದಾಟಿ ಹೋದರು. ಮುಂದೆ ಯಾವ ತರಗತಿಗೂ ಆ ಆಟ ಕಲಿಸಲಿಲ್ಲ. ನಾನು ಎದುರಾದರೆ ತಲೆ ತಗ್ಗಿಸಿ ಹೋಗಿಬಿಡುತ್ತಿದ್ದರು...

ಈಗ ನಾನೇ ಮುಧೋಳದಲ್ಲಿ ಗಣಿತ ಕಲಿಸುತ್ತೇನೆ. ಕಂಪ್ಯೂಟರುಗಳು ಲೆಕ್ಕವಿಲ್ಲದಷ್ಟು ಸಂಖ್ಯೆಗಳನ್ನು ಇಳಿಸಿ ನೋಡಿವೆ, ಎಲ್ಲವೂ ಒಂದಕ್ಕೇ ಬಂದಿವೆ. ಎಲ್ಲ ಸಂಖ್ಯೆಗಳೂ ಹೀಗೇ ಎಂದು ಯಾರೂ ಇನ್ನೂ ಸಾಧಿಸಿಲ್ಲ. ಕರಿಹಲಗೆಯ ಮೇಲೆ ಆ ಆಟ ಬರೆಯುವಾಗ ಇವತ್ತಿಗೂ ಇಪ್ಪತ್ತೇಳನ್ನು ಬಿಟ್ಟು ಇಪ್ಪತ್ತೆಂಟು ಹಿಡಿಯುತ್ತೇನೆ.

ಮೊನ್ನೆ ಓಣಿಗೆ ಹೋದದ್ದು, ತೀರಿಹೋದ ಸರ್ ಅವರ ಮಣ್ಣಿಗೆ. ಅವರ ಹೆಂಡತಿ ನನ್ನ ಕೈ ಹಿಡಿದು, “ಹೋಗೂ ಮುಂದೂ ನಿನ್ನ ಸುದ್ದೀನ ತಗದ್ರವಾ. ಆ ಕೂಸಿಗೆ ನಾ ಸುಳ್ಳ ಧೈರ್ಯಾ ಕೊಟ್ಟೆ ಅಂದ್ರು,” ಎಂದು ಅತ್ತರು.

ಸುಳ್ಳಲ್ಲ ಸರ್. ಅವ್ವ ಆಸ್ಪತ್ರೆಯಲ್ಲಿದ್ದ ಆ ವಾರವೆಲ್ಲ ನಾನು ಹೆದರಿ ಸತ್ತಿದ್ದೆ. ನೀವು ನೆಲಕ್ಕೆ ಕೂತಿದ್ದಷ್ಟು ಹೊತ್ತು ಮಾತ್ರ ನನಗೆ ಹೆದರಿಕೆಯಾಗಿರಲಿಲ್ಲ.